ಲಾಡ್ಜ್ ರಿಜಿಸ್ಟರಿನಲ್ಲಿ ಇನ್ನೊಂದು ಕಾಲಂ ಬೇಕು

ಕಲಬುರಗಿ ಜಿಲ್ಲೆಯಲ್ಲಿ ಲಾಡ್ಜ್, ಯಾತ್ರಿ ನಿವಾಸ, ಬಾಡಿಗೆ ರೂಮ್ ನಡೆಸುವ ಎಲ್ಲ ಮಾಲಕರಿಗೆ, ಕೌಂಟರಿನಲ್ಲಿ ಕೂರುವ ಅಣ್ಣಂದಿರಿಗೆ, ಕಾಕಾಗಳಿಗೆ, ಹಾಗೇ ನಮ್ಮ ಜಿಲ್ಲಾಡಳಿತಕ್ಕೆ,

ಶರಣು ಶರಣಾರ್ಥಿ.

ನಿಮ್ಮಲ್ಲಿ ಕೆಲವರಿಗೆ ನನ್ನ ಮುಖ ನೆನಪಿರಬಹುದು. ಹೆಗಲಿಗೆ ನೀಲಿ ಬ್ಯಾಗ್ ಹಾಕಿಕೊಂಡು, ಕೈಯಲ್ಲಿ ಫಾರಂ ಹಿಡಿದು, "ಸರ್, ಐದೇ ನಿಮಿಷ" ಅಂತ ಬರುತ್ತಿದ್ದ ಹುಡುಗಿ ನಾನೇ. ಕೆಲವರು ಕೂರಿಸಿ ಚಾ ಕೊಟ್ಟಿರಿ. ಕೆಲವರು "ಸಾವ್ಕಾರ್ರು ಇಲ್ರಿ" ಅಂದಿರಿ. ಸಾವ್ಕಾರ್ರು ಪಕ್ಕದ ಕುರ್ಚಿಯಲ್ಲೇ ಪೇಪರ್ ಓದುತ್ತಿದ್ದರು. ಸ್ಟೇಷನ್ ಕಡೆ ಒಬ್ಬರಂತೂ ನಾನು ಬಾಗಿಲು ದಾಟುವ ಮೊದಲೇ "ಒಬ್ಬರೇ ಹೆಣ್ಮಕ್ಕಳಿಗೆ ರೂಮ್ ಕೊಡಂಗಿಲ್ಲ" ಅಂದುಬಿಟ್ಟರು. ನಾನು ರೂಮ್ ಕೇಳಿರಲೇ ಇಲ್ಲ.

ನಾನು ಎಂಎಸ್‌ಡಬ್ಲ್ಯೂ, ಅಂದರೆ ಸಮಾಜ ಕಾರ್ಯದ ಸ್ನಾತಕೋತ್ತರ ಕೋರ್ಸ್ ಓದುತ್ತಿದ್ದೇನೆ. ಕೋರ್ಸಿಗಾಗಿ ಆರು ತಿಂಗಳು ಮಕ್ಕಳ ರಕ್ಷಣೆಯ ಒಂದು ಸಂಸ್ಥೆಯಲ್ಲಿ ಇಂಟರ್ನ್ ಆಗಿದ್ದೆ. ಹೋಟೆಲ್, ಲಾಡ್ಜ್, ಟ್ಯಾಕ್ಸಿ, ಟೂರ್ ನಡೆಸುವವರ ಜೊತೆ ಕೂತು, ಊರಿಂದ ಊರಿಗೆ ಹೋಗುವ ಜನರ ನಡುವೆ ಮಕ್ಕಳು ಸುರಕ್ಷಿತವಾಗಿರೋ ಹಾಗೆ ನೋಡಿಕೊಳ್ಳೋದು ಅವರ ಕೆಲಸ. ಇಂಟರ್ನ್‌ಶಿಪ್ ಮುಗಿಯಿತು. ಕಾಲೇಜಿಗೆ ರಿಪೋರ್ಟ್ ಕೊಟ್ಟಾಯ್ತು, ಸ್ಪೈರಲ್ ಬೈಂಡಿಂಗೂ ಆಯ್ತು. ಆ ರಿಪೋರ್ಟಿನಲ್ಲಿ ಹಿಡಿಸದ ಮಾತು ಇಲ್ಲಿ ಬರೆಯುತ್ತಿದ್ದೇನೆ. ನಾನು ಕೇಳೋದು ದೊಡ್ಡದೇನಲ್ಲ. ನಿಮ್ಮ ರಿಜಿಸ್ಟರಿನಲ್ಲಿ ಇನ್ನೊಂದು ಕಾಲಂ.

ನಿಮ್ಮ ರಿಜಿಸ್ಟರನ್ನು ನಾನು ತುಂಬಾ ನೋಡಿದ್ದೇನೆ. ಕೆಂಪು ಬೆನ್ನಿನ ಉದ್ದ ಪುಸ್ತಕ, ನಡುವೆ ಆಧಾರ್ ಝೆರಾಕ್ಸ್‌ಗಳ ಕಂತೆ, ದಾರ ಕಟ್ಟಿದ ಪೆನ್ನು. ಹೆಸರು, ಊರು, ಎಲ್ಲಿಂದ ಬಂದರು, ಎಲ್ಲಿಗೆ ಹೋಗುತ್ತಾರೆ, ಬಂದ ಕಾರಣ, ಫೋನ್ ನಂಬರ್, ಜೊತೆಗೆ ಎಷ್ಟು ಜನ, ಸಹಿ. ಬಂದ ಕಾರಣದಲ್ಲಿ "ದರ್ಶನ", "ದವಾಖಾನಿ", "ಖಾಸಗಿ" ಈ ಮೂರು ಬಿಟ್ಟು ಬೇರೆ ಅಪರೂಪ. ಇನ್ನು "ಜೊತೆಗೆ ಎಷ್ಟು ಜನ" ಅನ್ನೋ ಕಡೆ 1, 2, 3 ಅಂತ ಒಂದು ಅಂಕಿ. ಆ 1 ಹೆಂಡತಿಯಾ, ತಾಯಿಯಾ, ಎಂಟು ವರ್ಷದ ಮಗುವಾ? ಪುಸ್ತಕ ಹೇಳಲ್ಲ. ದೊಡ್ಡವರಿಗೆ ಹೆಸರಿದೆ, ಆಧಾರ್ ಇದೆ, ಸಹಿ ಇದೆ. ಮಗು ಬರೀ ಅಂಕಿ. ನಾಳೆ ಯಾರೋ ಬಂದು "ಇಂಥ ಮಗು ನಿಮ್ಮಲ್ಲಿ ಇತ್ತಾ" ಅಂತ ಕೇಳಿದರೆ ನಿಮ್ಮ ಹತ್ತಿರ ಉತ್ತರ ಇರಲ್ಲ. ನೀವು ಮುಚ್ಚಿಟ್ಟಿದ್ದಕ್ಕಲ್ಲ, ಬರೆದುಕೊಂಡೇ ಇಲ್ಲ ಅದಕ್ಕೆ.

ಸಂಸ್ಥೆಯಲ್ಲಿ ಮೊದಲ ದಿನ ನನಗೆ ಕೊಟ್ಟದ್ದು ಒಂದು ಪೋಸ್ಟರನ್ನು ಕನ್ನಡಕ್ಕೆ ತರುವ ಕೆಲಸ. ಚಿತ್ರದಲ್ಲಿ ಸಮುದ್ರ, ತೆಂಗಿನ ಮರ, ಟೋಪಿ ಹಾಕಿದ ಬಿಳಿಯ ಮನುಷ್ಯ, ಅವನ ನೆರಳಲ್ಲಿ ಒಂದು ಮಗು. ನಮ್ಮಲ್ಲಿ ಸಮುದ್ರ ಎಲ್ಲಿ ಬಂತು? ಜಾಸ್ತಿ ಅಂದರೆ ಅಪ್ಪನ ಕೆರೆ ಇದೆ. ಕೆಳಗಿನ ಸಾಲನ್ನು ನಾನು "ಮಕ್ಕಳ ಲೈಂಗಿಕ ಶೋಷಣೆಯ ವಿರುದ್ಧ ಶೂನ್ಯ ಸಹಿಷ್ಣುತೆ" ಅಂತ ಬರೆದೆ. ಮೇಲಿನವರು ಮೆಚ್ಚಿದರು. ಸಂಜೆ ಮನೆಯಲ್ಲಿ ನಮ್ಮವ್ವನಿಗೆ ಓದಿ ಹೇಳಿದೆ. "ಶೂನ್ಯ ಅಂದ್ರ ಏನೂ ಇಲ್ಲ ಅಂತ ಅಲ್ಲೇನು? ಹಂಗಾದ್ರ ಯಾಕ ಬರದೀ?" ಅಂದಳು. ಆಮೇಲೆ ಅದನ್ನು "ಈ ಮಗು ಯಾರದು? ಕೇಳಿ. ಅನುಮಾನ ಬಂದರೆ 1098" ಅಂತ, ಮಕ್ಕಳ ಸಹಾಯವಾಣಿಯ ನಂಬರ್ ಹಾಕಿ ಬದಲಾಯಿಸಿದೆವು. ಸಮುದ್ರ ಮಾತ್ರ ಹಾಗೇ ಉಳಿಯಿತು. ಹೊಸ ಚಿತ್ರಕ್ಕೆ ದುಡ್ಡಿರಲಿಲ್ಲ.

ಆ ಸಮುದ್ರಕ್ಕೂ ಒಂದು ಕಥೆ ಇದೆ. ಪ್ರವಾಸಕ್ಕೆ ಬಂದವರು ಮಕ್ಕಳನ್ನು ಲೈಂಗಿಕವಾಗಿ ಬಳಸಿಕೊಳ್ಳೋದರ ವಿರುದ್ಧ ಎಕ್‌ಪ್ಯಾಟ್ ಅನ್ನುವ ಚಳವಳಿ ಹುಟ್ಟಿದ್ದು 1990ರಲ್ಲಿ, ಥಾಯ್ಲೆಂಡಿನಲ್ಲಿ. ಅದರ ಮರುವರ್ಷವೇ ನಮ್ಮ ಗೋವಾದಲ್ಲಿ ಫ್ರೆಡ್ಡಿ ಪೀಟ್ಸ್ ಅನ್ನುವವನು ಸಿಕ್ಕಿಬಿದ್ದ. ಅನಾಥ ಮಕ್ಕಳನ್ನು ಸಾಕುತ್ತೇನೆ ಅಂತ ಮನೆ ಮಾಡಿಕೊಂಡು, ಅದೇ ಮಕ್ಕಳನ್ನು ಹೊರದೇಶದವರಿಗೆ ಒಪ್ಪಿಸುತ್ತಿದ್ದ. 1996ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆ ಆಯ್ತು. ಅದೇ ವರ್ಷ ಸ್ಟಾಕ್‌ಹೋಮ್‌ನಲ್ಲಿ ಈ ವಿಷಯಕ್ಕೆ ಮೊದಲ ವಿಶ್ವ ಸಮ್ಮೇಳನ ನಡೆಯಿತು. 1998ರಲ್ಲಿ ಎಕ್‌ಪ್ಯಾಟ್‌ನ ಸ್ವೀಡನ್ ಶಾಖೆ ಟೂರ್ ಕಂಪನಿಗಳ ಜೊತೆ ಸೇರಿ ಒಂದು ನೀತಿ ಸಂಹಿತೆ ತಂದಿತು. ಅದನ್ನು ಸುಮ್ನೆ "ದಿ ಕೋಡ್" ಅಂತಲೇ ಕರೆಯುತ್ತಾರೆ. ಸಹಿ ಹಾಕಿದ ಕಂಪನಿ ಮಕ್ಕಳ ರಕ್ಷಣೆಗೆ ಒಂದು ನಿಯಮ ಮಾಡಿಕೊಳ್ಳಬೇಕು, ಕೆಲಸದವರಿಗೆ ತರಬೇತಿ ಕೊಡಬೇಕು, ಒಪ್ಪಂದಗಳಲ್ಲಿ ಅದನ್ನು ಸೇರಿಸಬೇಕು, ಬಂದ ಪ್ರವಾಸಿಗರಿಗೂ ತಿಳಿಸಬೇಕು, ವರ್ಷಕ್ಕೊಮ್ಮೆ ಏನು ಮಾಡಿದೆವು ಅಂತ ಲೆಕ್ಕ ಕೊಡಬೇಕು. ನಮ್ಮ ಕೇಂದ್ರ ಪ್ರವಾಸೋದ್ಯಮ ಸಚಿವಾಲಯವೂ 2010ರ ಜುಲೈನಲ್ಲಿ ಇದೇ ಥರದ ಸಂಹಿತೆ ತಂದಿದೆ.

ಇದೆಲ್ಲ ಒಳ್ಳೆಯದೇ. ಆದರೆ ಅದನ್ನು ಗೋಡೆಗೆ ಹಾಕಿಕೊಳ್ಳುವುದು ದೊಡ್ಡ ಹೋಟೆಲು. ಹನ್ನೆರಡು ರೂಮಿನ ಲಾಡ್ಜಿಗೆ, ಮಾಳಿಗೆ ಮೇಲೆ ನಾಲ್ಕು ರೂಮ್ ಕಟ್ಟಿಸಿ ಹುಣ್ಣಿಮೆಗೊಮ್ಮೆ ಬಾಡಿಗೆ ಕೊಡುವ ಮನೆಗೆ ಅದು ಬರಲೇ ಇಲ್ಲ. ಬಿಳಿಯ ಮನುಷ್ಯ, ಸಮುದ್ರ ಅಂತ ನೋಡಿ ನೋಡಿ ನಾವೂ "ಇದು ನಮ್ಮ ಊರಿನ ವಿಷಯ ಅಲ್ಲ" ಅಂದುಕೊಂಡೆವು. 2016ರಲ್ಲಿ ಇದೇ ಎಕ್‌ಪ್ಯಾಟ್ ಮುಂದೆ ನಿಂತು ಮಾಡಿಸಿದ ಜಾಗತಿಕ ಅಧ್ಯಯನ ಬೇರೆಯೇ ಹೇಳಿತು. ಇಂಥ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹೊರದೇಶದವರಲ್ಲ, ತಮ್ಮದೇ ದೇಶದಲ್ಲಿ, ಸುತ್ತಲಿನ ಸೀಮೆಯಲ್ಲಿ ಓಡಾಡುವವರು. ವ್ಯಾಪಾರಕ್ಕೆ ಬಂದವರು, ಲಾರಿಯವರು, ಕೆಲಸಕ್ಕೆ ಬಂದವರು, ಯಾರೂ ಆಗಿರಬಹುದು.

ನಮ್ಮ ಜಿಲ್ಲೆಯಲ್ಲಿ ಪ್ರವಾಸಿ ಅನ್ನೋ ಪದವನ್ನೇ ಯಾರೂ ಬಳಸಲ್ಲ, ಅಲ್ವಾ? ಬಂದೇನವಾಜ್ ದರ್ಗಾದ ಉರುಸಿಗೆ ಬಂದವರು ಜಿಯಾರತ್‌ಗೆ ಬಂದವರು. ಹೋಳಿ ಆದ ಮೇಲೆ ಶರಣಬಸಪ್ಪನ ತೇರಿಗೆ ಬಂದವರು ಭಕ್ತರು. ಗಾಣಗಾಪುರಕ್ಕೆ ಬಂದವರು ದತ್ತನ ಮಂದಿ. ಭಕ್ತರ ಮೇಲೆ ಅನುಮಾನ ಪಡೋದು ಹೇಗೆ? ಅದು ನಮ್ಮ ಬಾಯಿಗೇ ಬರಲ್ಲ. ನನಗೂ ಬಂದಿರಲಿಲ್ಲ.

ದತ್ತ ಜಯಂತಿಯ ದಿನ ನನ್ನನ್ನು ಗಾಣಗಾಪುರಕ್ಕೆ ಹಾಕಿದ್ದರು. ಸೊಲ್ಲಾಪುರ ಕಡೆಯ ರೈಲಿನಿಂದ ಗಾಣಗಾಪುರ ರೋಡ್ ಸ್ಟೇಷನ್ನಿನಲ್ಲಿ ಇಳಿದ ಜನ ಜೀಪು, ಆಟೋ ತುಂಬಿಕೊಂಡು ಬರುತ್ತಲೇ ಇದ್ದರು. ಅಂಗಡಿ ಬೋರ್ಡುಗಳಲ್ಲಿ ಅರ್ಧ ಮರಾಠಿ. ಅಲ್ಲಿಯ ಪದ್ಧತಿ ನಿಮಗೆ ಗೊತ್ತೇ ಇದೆ. ಮಧ್ಯಾಹ್ನ ದತ್ತ ಮಹಾರಾಜರು ಯಾವುದೋ ರೂಪದಲ್ಲಿ ಭಿಕ್ಷೆಗೆ ಬರುತ್ತಾರೆ ಅನ್ನೋ ನಂಬಿಕೆ. ಅದಕ್ಕೆ ಭಕ್ತರೂ ಜೋಳಿಗೆ ಹಿಡಿದು ಐದು ಮನೆ ಮಧುಕರಿ ಬೇಡುತ್ತಾರೆ. ಪುಣೆಯ ಇಂಜಿನಿಯರ್ ಬೇಡುತ್ತಾನೆ, ಬ್ಯಾಂಕ್ ಮ್ಯಾನೇಜರ್ ಬೇಡುತ್ತಾನೆ. ಹೀಗೆ ಇಡೀ ಬೀದಿಯೇ ಕೈ ಚಾಚಿರುವಾಗ, ಯಾವ ಮಗು ನಿಜವಾಗಲೂ ಹಸಿದು ಕೈ ಚಾಚಿದೆ ಅಂತ ಯಾರು ನೋಡುತ್ತಾರೆ?

ಅಲ್ಲಿ ಒಂದು ಹುಡುಗಿ ಇದ್ದಳು. ಎಂಟೋ ಒಂಬತ್ತೋ ಇರಬೇಕು. ಎಡಗೈಯಲ್ಲಿ ಗಂಧ ಕಲಸಿದ ಸ್ಟೀಲ್ ಬಟ್ಟಲು, ಬಲಗೈಯಲ್ಲಿ ಹಿತ್ತಾಳೆ ಅಚ್ಚು. ಬಂದವರ ಹಣೆಗೆ ಅಚ್ಚು ಒತ್ತಿ "ದಹಾ ರುಪಯೇ" ಅನ್ನುತ್ತಿದ್ದಳು. ನನ್ನ ಹತ್ತಿರ ಕನ್ನಡ. ಶಾಲೆಗೆ ಹೋಗ್ತೀಯಾ ಅಂದರೆ "ಹುಣ್ಣಿಮಿಗಿ ರಜಾ" ಅಂದಳು. ಕ್ಯಾಲೆಂಡರಿನಲ್ಲಿ ಅಂಥ ರಜಾ ಇಲ್ಲ. ಅವಳ ಶಾಲೆಗೆ ಅವಳೇ ಹೆಡ್‌ಮಾಸ್ತರ್.

ಚಳಿ ಇತ್ತು. ಅವಳ ಮೈಮೇಲೆ ತೋಳಿಲ್ಲದ ಫ್ರಾಕು. ವಯಸ್ಸಾದ ಒಬ್ಬ ಭಕ್ತರು ಹಣೆಗೆ ಗಂಧ ಹಾಕಿಸಿಕೊಂಡು, ಅವಳ ತಲೆ ಸವರಿ, ಮರಾಠಿಯಲ್ಲಿ "ರೂಮಿಗೆ ಬಾ, ಸ್ವೆಟರ್ ಕೊಡ್ತೀನಿ" ಅಂದರು. ಅವಳು ಬಟ್ಟಲು ಹಿಡಿದುಕೊಂಡೇ ಹಿಂದೆ ಹೊರಟಳು. ನಾನೂ ಹಿಂದೆ ಹೋದೆ. ಎದೆ ಢವಢವ. ರೂಮ್ ಬಾಡಿಗೆ ಕೊಡುವ ಮನೆ ಅದು. ಕಟ್ಟೆ ಮೇಲೆ ಮನೆಯವರು ಕೂತು ಅವರೆ ಸುಲಿಯುತ್ತಿದ್ದರು. ಒಬ್ಬ ಗಂಡಸು, ಹಿಂದೆ ಅವರದಲ್ಲದ ಮಗು. ತಲೆ ಎತ್ತಿ ನೋಡಿ ಮತ್ತೆ ಅವರೆಗೆ ತಿರುಗಿದರು. ಮೆಟ್ಟಿಲು ಹತ್ತಿ ನೋಡಿದರೆ ಬಾಗಿಲಲ್ಲಿ ಆ ಭಕ್ತರ ಹೆಂಡತಿ ನಿಂತಿದ್ದಾರೆ. ಚೀಲದಿಂದ ಮೊಮ್ಮಗಳದೋ ಏನೋ ಒಂದು ಕೆಂಪು ಸ್ವೆಟರ್ ತೆಗೆದು, ಅಲ್ಲೇ ತೊಡಿಸಿ, ಗುಂಡಿ ಹಾಕಿ, ಒಂದು ಲಾಡು ಕೈಗಿಟ್ಟು ಕಳಿಸಿದರು. ಅಷ್ಟೇ. ನಿಜಕ್ಕೂ ಸ್ವೆಟರ್ ಇತ್ತು.

ನನಗೆ ನಾಚಿಕೆ ಆಯ್ತು. ಆ ಅಜ್ಜನ ಕಾಲಿಗೆ ಬೀಳಬೇಕು ಅನ್ನಿಸಿತು. ಆದರೆ ವಾಪಸ್ ಬರುವಾಗ ಇನ್ನೊಂದು ವಿಷಯ ತಲೆ ಕೊರೆಯತೊಡಗಿತು. ಆ ಮಗುವಿಗೆ ಈ ಬಾಗಿಲಿಗೂ ಇನ್ನೊಂದು ಬಾಗಿಲಿಗೂ ಏನು ಫರಕು ಗೊತ್ತು? ಯಾರು ಕರೆದರೂ ಹೋಗುತ್ತಾಳೆ. ಕಟ್ಟೆಯವರಿಗೂ ಫರಕು ಗೊತ್ತಿರಲಿಲ್ಲ. ಅವತ್ತು ಅವಳನ್ನು ಕಾದದ್ದು ಆ ಅಜ್ಜನ ಒಳ್ಳೆಯತನ ಒಂದೇ. ಕಟ್ಟೆಯವರು "ಯಾಕ್ರಿ ಮಾಮಾ, ಈ ಪೋರಿ ಯಾಕ ಮ್ಯಾಲೆ?" ಅಂತ ಒಂದು ಮಾತು ಕೇಳಿದ್ದರೆ ಅಜ್ಜನಿಗೇನೂ ನಷ್ಟ ಇರಲಿಲ್ಲ, ಸ್ವೆಟರ್ ಕೆಳಗೇ ಬರುತ್ತಿತ್ತು.

ಈಗ ಕಾನೂನಿನ ಮಾತು. ಬೇಜಾರು ಮಾಡಿಕೊಳ್ಳಬೇಡಿ, ಜಾಸ್ತಿ ಉದ್ದ ಮಾಡಲ್ಲ. "ನಮಗ್ಯಾಕ ಬೇಕ್ರಿ ಮೇಡಂ ಊರ ಉಸಾಬರಿ" ಅಂತ ನೀವು ಎಷ್ಟು ಸಲ ಅಂದಿರೋ! ಆದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಯುವ ಪೋಕ್ಸೊ ಕಾಯ್ದೆ 2012ರಲ್ಲಿ ಬಂದಾಗಲೇ ಆ ಉಸಾಬರಿಯನ್ನು ನಿಮ್ಮ ಮೇಲೆ ಹಾಕಿದೆ. ಅದರ 19ನೇ ಕಲಂ ಎಲ್ಲರಿಗೂ ಅನ್ವಯಿಸುತ್ತದೆ. ಮಗುವಿನ ಮೇಲೆ ಲೈಂಗಿಕ ಅಪರಾಧ ಆಗಿದೆ ಅಂತ ಗೊತ್ತಾದರೆ ಮಾತ್ರ ಅಲ್ಲ, ಆಗಬಹುದು ಅನ್ನೋ ಅಂಜಿಕೆ ಇದ್ದರೂ ಪೊಲೀಸರಿಗೆ ತಿಳಿಸಬೇಕು. 20ನೇ ಕಲಂ ಇನ್ನೂ ಮುಂದೆ ಹೋಗಿ ಹೋಟೆಲ್, ಲಾಡ್ಜ್ ಅಂತ ಹೆಸರು ಹಿಡಿದೇ ಹೇಳುತ್ತದೆ. ಮಕ್ಕಳನ್ನು ಹಾಗೆ ಬಳಸಿಕೊಂಡ ಫೋಟೊ, ವಿಡಿಯೊ, ಮತ್ತೇನೇ ಕಣ್ಣಿಗೆ ಬಿದ್ದರೂ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು ಇಲ್ಲವೇ ದಂಡ, ಅಥವಾ ಎರಡೂ. ನಿಮ್ಮ ಕೈಕೆಳಗಿನವನೇ ಅಂಥ ಕೆಲಸ ಮಾಡಿ ನೀವು ಮುಚ್ಚಿಟ್ಟರೆ ಒಂದು ವರ್ಷದವರೆಗೆ. 1956ರ ಅನೈತಿಕ ಸಾಗಾಣಿಕೆ ತಡೆ ಕಾಯ್ದೆಯಲ್ಲಿ ಹೋಟೆಲಿನ ಲೈಸೆನ್ಸ್ ರದ್ದು ಮಾಡುವ ಮಾತೂ ಇದೆ.

ಲೈಸೆನ್ಸ್ ಅಂದ ಕೂಡಲೇ ನಿಮ್ಮ ಕಿವಿ ನೆಟ್ಟಗಾಗೋದು ನಾನು ಕಂಡಿದ್ದೇನೆ. ಆದರೆ ಪೋಕ್ಸೊದ ಇನ್ನೊಂದು ಮಾತು ಕೂಡ ಅಷ್ಟೇ ಗಟ್ಟಿ. ಒಳ್ಳೆ ಮನಸ್ಸಿನಿಂದ ತಿಳಿಸಿದವರ ಮೇಲೆ, ಆಮೇಲೆ ಅನುಮಾನ ತಪ್ಪಾಗಿತ್ತು ಅಂತ ಗೊತ್ತಾದರೂ, ಕೇಸ್ ಹಾಕುವಂತಿಲ್ಲ. ಇದನ್ನು ನಾನು ಹೋದ ಕಡೆಯಲ್ಲೆಲ್ಲ ಹೇಳಿದೆ. ಮೊದಲೇ ಗೊತ್ತಿದ್ದವರು ಒಬ್ಬರೂ ಸಿಗಲಿಲ್ಲ.

ಮದುವೆ ಆಗಿದೆ ಅನ್ನೋ ಮಾತೂ ಬರುತ್ತದೆ. ಕೊರಳಲ್ಲಿ ತಾಳಿ ಇದೆ, ಕೈತುಂಬ ಹಸಿರು ಬಳೆ ಇದೆ, ಮುಖ ನೋಡಿದರೆ ಒಂಬತ್ತನೇ ಕ್ಲಾಸ್. ನಮ್ಮ ಕಡೆ ಇದು ಅಪರೂಪ ಅಲ್ಲ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ತಾಳಿ ಕಟ್ಟಿದ ಮಾತ್ರಕ್ಕೆ ಹದಿನೆಂಟು ಆಗಲ್ಲ. ಕಾನೂನಿನ ಕಣ್ಣಲ್ಲಿ ಆಕೆ ಮಗುವೇ.

ಈಗ ಹೇಳೋದು ನನ್ನದೇ ತಪ್ಪು. ಇದನ್ನು ರಿಪೋರ್ಟಿನಲ್ಲಿ ಒಂದೇ ಸಾಲಿನಲ್ಲಿ ಮುಗಿಸಿದ್ದೆ.

ಒಂದು ಲಾಡ್ಜಿನಲ್ಲಿ ಕೆಲಸದವರಿಗೆ ತರಬೇತಿ ಇಟ್ಟುಕೊಂಡಿದ್ದೆವು. ಯಾವ ಊರು, ಯಾವ ಲಾಡ್ಜ್ ಅಂತ ಹೇಳಲ್ಲ. ಊಟದ ಹಾಲಿನಲ್ಲಿ ಕುರ್ಚಿ ಹಾಕಿ, ಗೋಡೆಗೆ ಬಿಳಿ ಚಾದರ ಕಟ್ಟಿ ಪ್ರೊಜೆಕ್ಟರ್ ಬಿಟ್ಟೆವು. "ಏನು ನೋಡಿದರೆ ನಿಮಗೆ ಅನುಮಾನ ಬರಬೇಕು?" ಅಂತ ಕೇಳಿದೆ. ಮ್ಯಾನೇಜರ್ ಮೊಬೈಲ್ ನೋಡುತ್ತಿದ್ದರು. ಅಡುಗೆಯವರು ಆಕಳಿಸಿದರು. ಕೊನೆಯ ಸಾಲಿನಿಂದ ಒಬ್ಬ ಪೋರ ಎದ್ದು ನಿಂತ. ಸಣಕಲು ಮೈ, ದೊಡ್ಡವರ ಯೂನಿಫಾರಂ ಅಂಗಿ, ತೋಳು ಎರಡು ಸುತ್ತು ಮಡಚಿದ್ದ.

"ಚಾದರ ಬದಲಾಸ್ಲಿಕ್ಕ ಬ್ಯಾಡ ಅಂತಾರ್ರಿ. ಮೂರ್ ಮೂರ್ ದಿನ ಬಾಗ್ಲಾ ತೆಗ್ಯಂಗಿಲ್ಲ. ಕಸದ ಡಬ್ಬಿ ಅವ್ರೇ ಹೊರಗ ಇಡ್ತಾರ. ಊಟ ಒಂದೇ ತಾಟ್ ಹೇಳ್ತಾರ. ಆದ್ರ ಕಸದಾಗ ಚಾಕಲೇಟ್ ಕಾಗದಾ ಇರ್ತಾವ್ರಿ."

ನನ್ನ ಪಿಪಿಟಿಯಲ್ಲಿ ಚಾಕಲೇಟ್ ಕಾಗದ ಇರಲಿಲ್ಲ. ಯಾವ ಕೈಪಿಡಿಯಲ್ಲೂ ನಾನು ಅದನ್ನು ಓದಿರಲಿಲ್ಲ. "ಯಾರಿಗಾದರೂ ಹೇಳಿದೆಯಾ?" ಅಂದೆ. "ಹೇಳಿದ್ನಿರಿ. ನಿನ್ ಕೆಲಸಾ ನೀ ನೋಡ್ಕೋ ಅಂದ್ರು." ಮ್ಯಾನೇಜರ್ ಆಗ ಮೊಬೈಲಿನಿಂದ ತಲೆ ಎತ್ತಿದರು.

ವಯಸ್ಸು ಎಷ್ಟು ಅಂದರೆ "ಹದಿನೆಂಟು" ಅಂದ. ಸುತ್ತ ಇದ್ದವರು ನಕ್ಕರು. ಚಾ ಕುಡಿಯುವಾಗ ಮೆಲ್ಲಗೆ ಕೇಳಿದೆ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದ. ಹದಿನೈದು. ಯಾದಗಿರಿ ಕಡೆಯ ಹುಡುಗ. ಅವ್ವ ಅಪ್ಪ ಪುಣೆಗೆ ಗುಳೆ ಹೋಗಿದ್ದಾರೆ, ಕಟ್ಟಡದ ಕೆಲಸಕ್ಕೆ. ರಾತ್ರಿ ಎಂಟರಿಂದ ಬೆಳಗಿನವರೆಗೆ ಡ್ಯೂಟಿ, ಮೆಟ್ಟಿಲ ಕೆಳಗೆ ಹಾಸಿಗೆ. ಅಂದರೆ, ಮಕ್ಕಳನ್ನು ಹೇಗೆ ಕಾಯಬೇಕು ಅಂತ ನಾವು ಪಾಠ ಹೇಳುತ್ತಿದ್ದ ಆ ಹಾಲಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ನೋಡುವ ಕಣ್ಣು ಒಂದು ಮಗುವಿನದೇ ಆಗಿತ್ತು.

14 ದಾಟಿದವರನ್ನು ಅಪಾಯದ ಕೆಲಸ ಬಿಟ್ಟು ಬೇರೆ ಕೆಲಸಕ್ಕೆ ಇಟ್ಟುಕೊಳ್ಳಬಹುದು ಅಂತ ನೀವು ವಾದ ಮಾಡುತ್ತೀರಿ. 2016ರ ತಿದ್ದುಪಡಿ ಆದ ಮೇಲೆ ಅದು ನಿಜವೇ. ಆದರೆ ಅದೇ ಬಾಲಕಾರ್ಮಿಕ ಕಾಯ್ದೆಯಲ್ಲಿ ಇನ್ನೂ ಒಂದು ಮಾತಿದೆ. ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಅವರಿಂದ ಕೆಲಸ ಮಾಡಿಸುವಂತಿಲ್ಲ. ದಿನಕ್ಕೆ ಬಿಡುವೂ ಸೇರಿ ಆರು ತಾಸು ಮೀರುವಂತಿಲ್ಲ. ವಾರಕ್ಕೊಂದು ರಜೆ ಕೊಡಬೇಕು. ಆ ಪೋರನಿಗೆ ಇದರಲ್ಲಿ ಒಂದೂ ಇರಲಿಲ್ಲ.

ನಾನು ಏನು ಮಾಡಿದೆ? ಆವೇಶದಲ್ಲಿ ಅವತ್ತೇ ಮಾಲಕರ ಹತ್ತಿರ ಹೋಗಿ ಕಾನೂನು ಹೇಳಿದೆ. ಅವರು ಎಲ್ಲ ಕೇಳಿಕೊಂಡು "ಆಯ್ತ್ರಿ ಮೇಡಂ, ನೀವು ಹೇಳಿದಂಗ" ಅಂದರು. ವಾರ ಬಿಟ್ಟು ಹೋದಾಗ ಪೋರ ಇರಲಿಲ್ಲ. "ನೀವೇ ಹೇಳೀರಲ್ರಿ, ತೆಗೆದುಹಾಕೀವಿ." ಸಂಬಳ ಪೂರ್ತಿ ಕೊಟ್ಟರಾ, ಎಲ್ಲಿಗೆ ಹೋದ, ಪುಣೆಗಾ, ಹೈವೇ ಢಾಬಾಕ್ಕಾ? ಯಾರಿಗೂ ಗೊತ್ತಿಲ್ಲ. ಮೊದಲು 1098ಕ್ಕೆ ಫೋನ್ ಮಾಡಬೇಕಿತ್ತು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರು ಬಂದು, ಮಕ್ಕಳ ಕಲ್ಯಾಣ ಸಮಿತಿ ಮುಂದೆ ಕೂರಿಸಿ, ಹಾಸ್ಟೆಲ್ಲೋ ಶಾಲೆಯೋ ಒಂದು ದಾರಿ ಮಾಡಿದ ಮೇಲೆ ಮಾಲಕರ ಹತ್ತಿರ ಹೋಗಬೇಕಿತ್ತು. ನಾನು ಉಲ್ಟಾ ಮಾಡಿದೆ. ಕಾನೂನು ಪಾಲನೆ ಆಯ್ತು, ಹುಡುಗ ಬೀದಿಗೆ ಬಿದ್ದ. ಅದಕ್ಕೇ ಹೇಳುತ್ತಿದ್ದೇನೆ. ನಿಮ್ಮಲ್ಲಿ ಅಂಥ ಹುಡುಗ ಇದ್ದರೆ ಈ ಪತ್ರ ಓದಿ ಹೆದರಿ ರಾತ್ರೋರಾತ್ರಿ ಬಸ್ ಹತ್ತಿಸಬೇಡಿ. ಅದು ಮೊದಲಿನದಕ್ಕಿಂತ ಕೆಟ್ಟದ್ದು.

1098 ಅಂದರೆ ಏನು ಅಂತ ಕೇಳಿದವರೂ ಇದ್ದಾರೆ, ಗ್ಯಾಸ್ ಬುಕಿಂಗಾ ಅಂತ. ಇದು ಮಕ್ಕಳ ಸಹಾಯವಾಣಿ. 1996ರಲ್ಲಿ ಮುಂಬೈನಲ್ಲಿ ಶುರುವಾಗಿ ದೇಶಕ್ಕೆಲ್ಲ ಹಬ್ಬಿತು. 2023ರಿಂದ ಸರ್ಕಾರವೇ ನಡೆಸುತ್ತಿದೆ, ತುರ್ತು ನಂಬರ್ 112ರ ಜೊತೆ ಜೋಡಿಸಿದ್ದಾರೆ. ದುಡ್ಡು ಬೀಳಲ್ಲ, ಹಗಲು ರಾತ್ರಿ ಇರುತ್ತದೆ.

ಎಲ್ಲ ಲಾಡ್ಜೂ ಹೀಗೇ ಅಂತ ನಾನು ಹೇಳಲ್ಲ. ಬಸ್ ಸ್ಟ್ಯಾಂಡ್ ಕಡೆ ಒಂದು ಹಳೇ ಲಾಡ್ಜಿನ ಕೌಂಟರಿನಲ್ಲಿ ಒಬ್ಬ ಕಾಕಾ ಇದ್ದಾರೆ. ತಲೆ ಮೇಲೆ ಬಿಳಿ ಟೋಪಿ, ಮೂಗಿನ ತುದಿಯಲ್ಲಿ ಕನ್ನಡಕ. ಮೇಜಿನ ಡ್ರಾಯರಿನಲ್ಲಿ ಪಾರ್ಲೆ ಜಿ ಪುಡಿಕೆ ಇಟ್ಟಿರುತ್ತಾರೆ. ಯಾರಾದರೂ ಮಗು ಕರೆದುಕೊಂಡು ಬಂದರೆ, ದೊಡ್ಡವರು ಫಾರಂ ತುಂಬುವಷ್ಟರಲ್ಲಿ ಮಗುವಿಗೆ ಬಿಸ್ಕೆಟ್ ಕೊಟ್ಟು ಮಾತಿಗೆ ಎಳೆಯುತ್ತಾರೆ. "ಯಾ ಕ್ಲಾಸವ್ವಾ? ನಿಮ್ಮ ಮಾಸ್ತರ ಹೊಡಿತಾರೇನು? ಇವ್ರು ಯಾರು ನಿನಗ, ಕಾಕಾನೋ ಮಾಮಾನೋ?" ಅಷ್ಟೇ. ಮಗು "ನಮ್ಮಪ್ಪ" ಅಂತ ನಗುತ್ತದೆ, ಇಲ್ಲವೇ ಸುಮ್ಮನಾಗಿ ನೆಲ ನೋಡುತ್ತದೆ. ಕಾಕಾಗೆ ಅದರಲ್ಲೇ ತಿಳಿಯುತ್ತದೆ. ತರಬೇತಿ ಅವರಿಗೆ ನಾವು ಕೊಡೋದೇನಿತ್ತು? ನಾನೇ ಎರಡು ಮಧ್ಯಾಹ್ನ ಅವರ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು ಕಲಿತೆ.

ಇದರ ಉಲ್ಟಾನೂ ನೋಡಿದೆ. ಇನ್ನೊಂದು ಕಡೆ ನಮ್ಮ ತರಬೇತಿ ಆದ ಮಾರನೇ ದಿನ, ಮಗಳನ್ನು ದವಾಖಾನಿಗೆ ತೋರಿಸೋಕೆ ಬಂದ ಒಬ್ಬ ಅಪ್ಪನನ್ನು ಕೌಂಟರಿನವರು ಎಲ್ಲರೆದುರು ತರಾಟೆಗೆ ತೆಗೆದುಕೊಂಡರಂತೆ. ತಾಯಿ ಎಲ್ಲಿ, ಮಗಳು ಅನ್ನೋದಕ್ಕೆ ಏನು ಗ್ಯಾರಂಟಿ ಅಂತ. ಆಸ್ಪತ್ರೆ ಚೀಟಿ ಅವರ ಕೈಯಲ್ಲೇ ಇತ್ತು. ಆ ಮನುಷ್ಯ ಮಗಳ ಕೈ ಹಿಡಿದು ರಾತ್ರಿಯೆಲ್ಲ ಬಸ್ ಸ್ಟ್ಯಾಂಡಿನಲ್ಲಿ ಕಳೆದರು ಅಂತ ಆಮೇಲೆ ಗೊತ್ತಾಯ್ತು. ಬಡವರ ಬಟ್ಟೆ ನೋಡಿ ಮಾತ್ರ ಬರುವ ಅನುಮಾನ ಅನುಮಾನವೇ ಅಲ್ಲ. ಕಾರಿನಿಂದ ಇಳಿದವರಿಗೂ ಅದೇ ಪ್ರಶ್ನೆ ಕೇಳೋ ಧೈರ್ಯ ಇದ್ದರೆ ಮಾತ್ರ ಕೇಳಿ.

ಇನ್ನು ಕೆಲವರು ನಾವು ಹೇಳಿದ್ದನ್ನು ಬೇರೆ ಥರವೇ ತೆಗೆದುಕೊಂಡರು. "ಹೌದ್ರಿ ಮೇಡಂ, ಇನ್ಮ್ಯಾಲೆ ಜೋಡಿ ಬಂದ್ರ ಇಬ್ಬರದೂ ಜಾತಿ, ಮನಿ ಎಲ್ಲಾ ಕೇಳ್ತೀವಿ" ಅಂತ ಹುರುಪಿನಲ್ಲಿ ಹೇಳಿದರು. ಅದನ್ನು ನಾವು ಕೇಳಿಯೇ ಇಲ್ಲ. ಹದಿನೆಂಟು ದಾಟಿದ ಇಬ್ಬರು ಯಾವ ಜಾತಿ, ಯಾವ ಧರ್ಮ ಅನ್ನೋದು ನಿಮ್ಮ ಕೌಂಟರಿನ ಕೆಲಸ ಅಲ್ಲ, ಬೀದಿಯಲ್ಲಿ ಕಾಯುವ ಪುಂಡರಿಗೆ ಫೋನ್ ಮಾಡೋದಂತೂ ಅಲ್ಲವೇ ಅಲ್ಲ. ನಾನು ಕೇಳುವ ಕಾಲಂ ಮಕ್ಕಳದು. ದೊಡ್ಡವರ ಪ್ರೀತಿಗೆ ಅದರಲ್ಲಿ ಜಾಗ ಇಲ್ಲ.

ಮಗುವಿನ ಫೋಟೊ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ ಅನ್ನೋದನ್ನೂ ಹೇಳಿಬಿಡುತ್ತೇನೆ. ಒಳ್ಳೇದಕ್ಕೇ ಹಾಕುತ್ತೀರಿ, ಗೊತ್ತು. ಆದರೆ ಗುರುತು ಬಯಲು ಮಾಡಿದರೆ ಅದೂ ಅಪರಾಧ. ಸ್ಟೇಟಸ್ ಇಪ್ಪತ್ನಾಲ್ಕು ತಾಸಿಗೆ ಹೋಗುತ್ತದೆ, ಆ ಫೋಟೊ ಊರಲ್ಲಿ ಉಳಿಯುತ್ತದೆ.

ಈಗ ಜಿಲ್ಲಾಡಳಿತದವರಿಗೆ. ಹೊರದೇಶದವರು ಒಂದು ಲಾಡ್ಜಿಗೆ ಬಂದರೆ 24 ಗಂಟೆಯೊಳಗೆ ಅವರ ವಿವರ ಸರ್ಕಾರಕ್ಕೆ ಹೋಗಬೇಕು. ಅದಕ್ಕೊಂದು ಫಾರಂ ಇದೆ, ಎಲ್ಲ ಲಾಡ್ಜಿನವರೂ ಅದನ್ನು ಹೆದರಿಕೊಂಡೇ ತುಂಬುತ್ತಾರೆ. ಆದರೆ ರಿಜಿಸ್ಟರಿನಲ್ಲಿ ಮಗುವಿನ ಹೆಸರು ಬರೆಯೋಕೆ ಅರ್ಧ ಇಂಚು ಜಾಗ ಇಲ್ಲ. ಲಾಡ್ಜ್ ಲೈಸೆನ್ಸ್ ನವೀಕರಣಕ್ಕೆ ಬಂದಾಗ ಮಕ್ಕಳ ಕಾಲಂ ಇರುವ ರಿಜಿಸ್ಟರ್ ಕೇಳಿ. ರಿಜಿಸ್ಟರ್ ನೋಡೋಕೆ ಹೋಗುವ ಪೊಲೀಸರಿಗೆ ಆ ಕಾಲಂ ಮೇಲೂ ಬೆರಳಾಡಿಸಲು ಹೇಳಿ. ಹುಣ್ಣಿಮೆ, ಉರುಸು, ತೇರಿಗೆ ಮಾತ್ರ ರೂಮ್ ಕೊಡುವ ಮನೆಗಳ ಪಟ್ಟಿ ಪಂಚಾಯಿತಿ ಹತ್ತಿರ ಇರಲಿ. ಅವರಿಗೆ ಲೈಸೆನ್ಸಿನ ಕಾಟ ಕೊಡಬೇಕು ಅಂತಲ್ಲ, ಒಂದು ಸಲ ಕೂರಿಸಿ ಮಾತಾಡಿ. ಬೋರ್ಡು ಕನ್ನಡದಲ್ಲಿ ಮಾತ್ರ ಹಾಕಿದರೆ ಸಾಲದು. ಗಾಣಗಾಪುರದಲ್ಲಿ ಮರಾಠಿ ಬೇಕು, ದರ್ಗಾದ ಸುತ್ತ ಉರ್ದು ಬೇಕು. ಸಮುದ್ರ ಬೇಡ.

ಜಾತ್ರೆಯ ಮೈಕಿನ ವಿಷಯವೂ ಇದೆ. ತೇರಿನ ದಿನ ಕಳೆದುಹೋದ ಮಕ್ಕಳನ್ನು ಕೂರಿಸುವ ಶಾಮಿಯಾನದಲ್ಲಿ ನಾನು ಒಂದು ಸಂಜೆ ಇದ್ದೆ. "ಹಸಿರು ಅಂಗಿ, ನಾಲ್ಕು ವರ್ಷ, ಹೆಸರು ಇಂಥದ್ದು" ಅಂತ ಎಲ್ಲ ವಿವರ ಮೈಕಿನಲ್ಲಿ ಕೂಗಿಬಿಡುತ್ತಾರೆ. ಬಂದವರು ಅದನ್ನೇ ಒಪ್ಪಿಸಿ ಮಗು ಕೇಳಿದರೆ? ಒಂದು ಗುರುತು ಹೇಳದೆ ಇಟ್ಟುಕೊಂಡು ಬಂದವರಿಗೇ ಕೇಳಿ. ಅವತ್ತು ಒಬ್ಬ ತಾಯಿ ಓಡಿ ಬಂದವಳು "ಎಡಗಾಲಿಗಿ ಕರೀ ದಾರ ಕಟ್ಟೀನ್ರಿ" ಅಂದಳು. ದಾರ ಇತ್ತು. ಕೊಟ್ಟು ಕಳಿಸಿದೆವು.

ಕಡೆಗೆ ಕಾಲಂ ವಿಷಯಕ್ಕೆ ಬರುತ್ತೇನೆ. ನೀವೆಲ್ಲ ರಿಜಿಸ್ಟರನ್ನು ಸ್ಟೇಷನರಿ ಅಂಗಡಿಯಿಂದ ರೆಡಿ ತರುತ್ತೀರಿ, ಅದರಲ್ಲಿ ಇದ್ದ ಕಾಲಂ ತುಂಬುತ್ತೀರಿ. ಅದನ್ನು ಅಚ್ಚು ಹಾಕುವ ಒಂದು ಪ್ರೆಸ್ಸಿಗೆ ಹೋಗಿ ಕೇಳಿದೆ. "ಬ್ಯಾರೆ ಮಾಡಿಕೊಡ್ತೀವಿ, ಆದ್ರ ಐವತ್ತು ಪುಸ್ತಕರ ಆರ್ಡರ್ ಇರಬೇಕು" ಅಂದರು. "ಜೊತೆಗೆ ಎಷ್ಟು ಜನ" ಅನ್ನೋದನ್ನು ಸ್ವಲ್ಪ ಒತ್ತರಿಸಿ ಪಕ್ಕದಲ್ಲಿ "18ರ ಒಳಗಿನವರು: ಹೆಸರು, ವಯಸ್ಸು, ಇವರಿಗೆ ಏನಾಗಬೇಕು" ಅಂತ ಬರುತ್ತದೆ. ರೇಟು ಹಳೆಯದೇ. ನಾನೂ ನನ್ನ ಕ್ಲಾಸಿನ ಗೆಳತಿಯರೂ ಸೇರಿ ಇಪ್ಪತ್ತು ಪುಸ್ತಕದ ದುಡ್ಡು ಹಾಕಿದ್ದೇವೆ. ಇನ್ನು ಮೂವತ್ತು ಬೇಕು.

ಬಿಳಿ ಟೋಪಿ ಕಾಕಾ ಮಾತ್ರ ಪ್ರೆಸ್ಸಿಗೆ ಕಾಯಲಿಲ್ಲ. ಹೋದ ವಾರ ಹೋದಾಗ ಹಳೇ ರಿಜಿಸ್ಟರಿನಲ್ಲೇ ಸ್ಕೇಲ್ ಇಟ್ಟು ಕೆಂಪು ಪೆನ್ನಿನಿಂದ ಗೆರೆ ಎಳೆದಿದ್ದರು. ಗೆರೆ ಸ್ವಲ್ಪ ಸೊಟ್ಟ. ಮೊದಲ ಸಾಲಿನಲ್ಲಿ ಒಂದು ಹೆಸರು, 6 ವರ್ಷ, ಮೊಮ್ಮಗಳು ಅಂತ ಬರೆದಿತ್ತು. ಪಕ್ಕದಲ್ಲೇ ಆ ಮಗು ಪೆನ್ನು ಕಸಿದುಕೊಂಡು ತಾನೂ ಸಹಿ ಹಾಕಿತ್ತು, ಒಂದು ಸೂರ್ಯ, ಎರಡು ಗುಡ್ಡ.

ಇಂತಿ,
ನೀಲಿ ಬ್ಯಾಗಿನ ಹುಡುಗಿ
ಎಂಎಸ್‌ಡಬ್ಲ್ಯೂ ವಿದ್ಯಾರ್ಥಿನಿ, ಕಲಬುರಗಿ